ನಿಜಾಮರು ಏರದೇ ಹೋದ ‘ಸಿಂಹಾಸನ ಕಾರು’

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಎಕಂಬಾ ಇಂದು ಮಹಾರಾಷ್ಟ್ರ ಗಡಿಗೆ ಸಮೀಪದ ಗ್ರಾಮ. 1948ರವರೆಗೆ ಈ ಊರೂ ಸೇರಿದಂತೆ ಬೀದರ್, ಭಾಲ್ಕಿ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನಕ್ಕೆ ಒಳಪಟ್ಟಿತ್ತು. 1869ರಿಂದ 1911ರವರೆಗೆ ಆ ಸಂಸ್ಥಾನದ ಗಾದಿಯಲ್ಲಿದ್ದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ಅವರು ಕೊನೆಗಾಲದಲ್ಲಿ ಮಾಡಿಸಲು ಹೇಳಿದ ರೋಲ್ಸ್ ರಾಯ್ಸ್ ಕಾರಿನ ರೂಪ ಇಂದಿಗೂ ನೋಡುಗರಲ್ಲಿ ಭಿನ್ನಾಭಿಪ್ರಾಯ ಮೂಡಿಸುತ್ತದೆ.

ಮಹಬೂಬ್ ಅಲಿ ಖಾನ್ ಜನಿಸಿದ್ದು 1866ರ ಆಗಸ್ಟ್‌ನಲ್ಲಿ. ತಂದೆ ಅಫ್ಜಲ್ ಉದ್ದೌಲಾ 1869ರಲ್ಲಿ ತೀರಿಕೊಂಡಾಗ ಅವರಿಗೆ ಮೂರು ವರ್ಷವೂ ತುಂಬಿರಲಿಲ್ಲ. ದಿವಾನ್ ಸಾಲಾರ್ ಜಂಗ್ ಮುಂತಾದವರು ಬಾಲರಾಜನ ಪರವಾಗಿ ಆಡಳಿತ ನಡೆಸಿದರು. 1884ರ ಫೆಬ್ರುವರಿಯಲ್ಲಿ ವೈಸ್‌ರಾಯ್ ಲಾರ್ಡ್ ರಿಪ್ಪನ್ ಸಮ್ಮುಖದಲ್ಲಿ ಪೂರ್ಣ ಅಧಿಕಾರ ಅವರ ಕೈಸೇರಿತು.

ವೈಭವದ ಮೋಹ ಅವರ ಬದುಕಿನುದ್ದಕ್ಕೂ ಎದ್ದು ಕಾಣುತ್ತದೆ. ಪುರಾನಿ ಹವೇಲಿಯಲ್ಲಿರುವ ಅವರ ಉಡುಪುಗಳ ಕಪಾಟಿನ ಸಾಲು ಒಂದು ಓಣಿಯಷ್ಟು ಉದ್ದವಿದೆ. ಜೇಕಬ್ ವಜ್ರದ ಖರೀದಿ ವ್ಯವಹಾರ 1891ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲೇರಿತು. ಆದರೆ 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಸಹಸ್ರಾರು ಜನ ಮಡಿದಾಗ, ನಿರಾಶ್ರಿತರಿಗೆ ಅರಮನೆಯ ಬಾಗಿಲು ತೆರೆಸಿದವರೂ ಇವರೇ. ಪ್ರವಾಹ ತಡೆಯ ಯೋಜನೆಗಾಗಿ ಮರುವರ್ಷ ಕನ್ನಡಿಗ ಎಂ. ವಿಶ್ವೇಶ್ವರಯ್ಯ ಅವರನ್ನು ಸಂಸ್ಥಾನಕ್ಕೆ ಕರೆಸಲಾಯಿತು.

1911ರಲ್ಲಿ ಅವರು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರು ತರಿಸಲು ಆದೇಶಿಸಿದರು. ಅಂದು ಆ ಸಂಸ್ಥೆ ಎಂಜಿನ್ ಹಾಗೂ ಚಾಸಿಯನ್ನಷ್ಟೇ ತಯಾರಿಸುತ್ತಿತ್ತು. ಮೇಲಿನ ಕವಚವನ್ನು ಗ್ರಾಹಕರ ಇಚ್ಛೆಯಂತೆ ಬೇರೆ ಕುಶಲಕರ್ಮಿಗಳು ಕಟ್ಟಿಕೊಡುತ್ತಿದ್ದರು. ನಿಜಾಮರ ಕಾರಿಗೆ ಆ ಕೆಲಸ ಮಾಡಿದ್ದು ಲಂಡನ್ನಿನ ಬಾರ್ಕರ್ ಸಂಸ್ಥೆ. ಹಳದಿ ಬಣ್ಣ, ಗುಮ್ಮಟದಂತೆ ಉಬ್ಬಿದ ಚಾವಣಿ, ಹಿಂಬದಿಯಲ್ಲಿ ಎತ್ತರದ ರಾಜಪೀಠ. ‘ಸಿಂಹಾಸನ ಕಾರು’ ಎಂಬ ಹೆಸರು ಬಂದದ್ದು ಇದರಿಂದಲೇ.

ಸದ್ದಿಲ್ಲದ ಓಟಕ್ಕೂ ಸರಳ ರೇಖೆಗಳಿಗೂ ಹೆಸರಾದ ಸಿಲ್ವರ್ ಘೋಸ್ಟ್ ಮೇಲೆ ಇಷ್ಟೊಂದು ಅಲಂಕಾರ ಹೇರಿದ್ದು ಆಡಂಬರದ ಅತಿರೇಕವೆಂಬುದು ಒಂದು ವಾದ. ಮೆರವಣಿಗೆಯಲ್ಲಿ ಪ್ರಜೆಗಳಿಗೆ ದೊರೆ ಕಾಣಬೇಕೆಂಬುದೇ ಇದರ ಉದ್ದೇಶವಾಗಿದ್ದರಿಂದ, ಇದನ್ನು ಚಕ್ರದ ಮೇಲಿನ ಅಂಬಾರಿಯಾಗಿ ನೋಡಬೇಕೆಂಬುದು ಮತ್ತೊಂದು. ಎರಡರಲ್ಲೂ ಹುರುಳಿದೆ. ಆದರೆ ಸಂಸ್ಥಾನದ ಬೊಕ್ಕಸ ಮುಖ್ಯವಾಗಿ ತುಂಬುತ್ತಿದ್ದುದು ಭೂಕಂದಾಯದಿಂದ. ಜೋಳ, ತೊಗರಿ ಬೆಳೆದು ಕಂದಾಯ ಕಟ್ಟುತ್ತಿದ್ದ ಬೀದರ್ ಸೀಮೆಯ ರೈತನ ಕಡೆಯಿಂದ ನೋಡಿದರೆ, ಈ ಚರ್ಚೆ ಕೇವಲ ಅಂದಚೆಂದದ್ದಾಗಿ ಉಳಿಯುವುದಿಲ್ಲ.

ಕಾರು ಬಂದು ತಲುಪುವ ಮುನ್ನವೇ, 1911ರ ಆಗಸ್ಟ್ 29ರಂದು ಮಹಬೂಬ್ ಅಲಿ ಖಾನ್ ಫಲಕ್‌ನುಮಾ ಅರಮನೆಯಲ್ಲಿ ನಿಧನರಾದರು. ಆಗ ಅವರಿಗೆ 45 ವರ್ಷ. ಉತ್ತರಾಧಿಕಾರಿಯಾದ ಪುತ್ರ ಮೀರ್ ಉಸ್ಮಾನ್ ಅಲಿ ಖಾನ್ ವೈಯಕ್ತಿಕ ಜೀವನದಲ್ಲಿ ಮಿತವ್ಯಯಿ ಎಂದೇ ಹೆಸರಾದವರು. ಕಾರು ಹೊರಬಂದದ್ದೇ ಅಪರೂಪ. ಅದು ಓಡಿದ್ದು ಕೆಲವೇ ನೂರು ಮೈಲಿ. ದೀರ್ಘಕಾಲ ಮೂಲೆ ಸೇರಿದ್ದ ಅದನ್ನು ದುರಸ್ತಿಗೊಳಿಸಿ, ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕಿಡಲಾಗಿದೆ. ಮೂಸಿ ಪ್ರವಾಹದಲ್ಲಿ ಜನರ ಕೈಹಿಡಿದ ದೊರೆಯನ್ನು ನೆನೆಯುವವರೂ ಆ ರಾಜಪೀಠದ ಮುಂದೆ ನಿಂತು, ಪ್ರಜೆಯ ದುಡಿಮೆಗೂ ದೊರೆಯ ದೌಲತ್ತಿಗೂ ಇದ್ದ ಅಂತರವನ್ನು ಅಳೆಯಬೇಕಾಗುತ್ತದೆ.