ಡಾ. ಜಾರ್ಜ್ ಪಾಪನಿಕೊಲಾವ್

ಗರ್ಭಕೋಶದ ಕೊರಳಿನ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ನೋವು ಕಾಣಿಸುವ ವೇಳೆಗೆ ಅನೇಕರಿಗೆ ಕಾಲ ಮಿಂಚಿರುತ್ತದೆ. ಈ ರೋಗವನ್ನು ಮುಂಚಿತವಾಗಿಯೇ ಗುರುತಿಸುವ ದಾರಿ ತೋರಿದವರು ಜಾರ್ಜ್ ಪಾಪನಿಕೊಲಾವ್.

ಅವರು 1883ರಲ್ಲಿ ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ಜನಿಸಿದರು. ವೈದ್ಯಪದವಿ ಪಡೆದು, 1913ರಲ್ಲಿ ಪತ್ನಿ ಆಂಡ್ರೊಮಾಕಿಯೊಡನೆ ಅಮೆರಿಕೆಗೆ ಹೋದರು. ಅಲ್ಲಿ ಹೊಟ್ಟೆಪಾಡಿಗಾಗಿ ವೈದ್ಯರು ರತ್ನಗಂಬಳಿ ಮಾರಿದರು. ಪತ್ನಿ ಗುಂಡಿ ಹೊಲಿದರು.

ಮುಂದೆ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆಗೆ ಅವಕಾಶ ದೊರೆಯಿತು. ಗರ್ಭಕೋಶದ ಕೊರಳಿನಿಂದ ಉದುರುವ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಲೇಪಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ಈ ಅಧ್ಯಯನಕ್ಕಾಗಿ ಪತ್ನಿ ಹಲವು ವರ್ಷ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. ರೋಗಪೀಡಿತ ಜೀವಕೋಶಗಳ ರೂಪವೇ ಬೇರೆಯೆಂಬುದನ್ನು ಪಾಪನಿಕೊಲಾವ್ ಕಂಡುಕೊಂಡು, 1928ರಲ್ಲಿ ಸಮ್ಮೇಳನವೊಂದರಲ್ಲಿ ತಿಳಿಸಿದರು. ವೈದ್ಯರು ಅದಕ್ಕೆ ಬೆಲೆ ಕೊಡಲಿಲ್ಲ. ಆದರೂ ಅವರು ಎದೆಗುಂದಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರಾಟ್ ಅವರೊಡನೆ ಪ್ರಕಟಿಸಿದ ಲೇಖನ ವೈದ್ಯಲೋಕದ ಕಣ್ಣು ತೆರೆಸಿತು. ಆ ವಿಧಾನ ಅವರ ಹೆಸರಿನಿಂದಲೇ ಪ್ಯಾಪ್ ಪರೀಕ್ಷೆ ಎನಿಸಿತು.

1962ರಲ್ಲಿ ಅವರು ನಿಧನರಾದರು. ಈ ರೋಗಕ್ಕೆ ಎಚ್‌ಪಿವಿ ಎಂಬ ವೈರಸ್ ಕಾರಣವೆಂಬುದು ಅನಂತರ ತಿಳಿಯಿತು. 2006ರಲ್ಲಿ ಲಸಿಕೆಯೂ ಬಂದಿತು. ಆದರೆ ಲಸಿಕೆ ಪಡೆದವರಿಗೂ ವಯಸ್ಸು ಬಂದ ಮೇಲೆ ಕಾಲಕಾಲಕ್ಕೆ ತಪಾಸಣೆ ಅಗತ್ಯ. ಹದಿಮೂರು ವರ್ಷ ಮನ್ನಣೆಗೆ ಕಾದ ಒಂದು ಸತ್ಯ ಅಸಂಖ್ಯ ತಾಯಂದಿರ ಪ್ರಾಣವನ್ನು ಉಳಿಸಿತು.