ಕೊಡದ ಸಾಲೂ ಕ್ಯಾಂಟರನ ಲೆಕ್ಕವೂ

ಸಾಹಿತ್ಯ ಸಂಘದ ಪತ್ರಿಕೆಗೆ ಗಣಿತಜ್ಞನೊಬ್ಬನ ಜೀವನ ಯಾಕಯ್ಯಾ ಅಂತ ಗೆಳೆಯರು ಕೇಳಬಹುದು. ಕೇಳಲಿ. ಕಥೆ ಎಲ್ಲಿದ್ದರೂ ಕಥೆಯೇ. ಅಲ್ಲದೆ ಈ ಮನುಷ್ಯನ ಮೇಲೊಂದು ಅಪವಾದವಿದೆ: ಅನಂತವನ್ನು ಎಣಿಸಲು ಹೋಗಿ ಹುಚ್ಚನಾದ ಅಂತ. ನಾನೂ ಅದನ್ನು ಬಹಳ ದಿನ ನಂಬಿದ್ದೆ. ಆ ಮಾತು ಸರಿಯಲ್ಲ ಎಂದು ಹೇಳಲಿಕ್ಕೇ ಈ ಬರಹ.

2019ರ ಜೂನ್ ತಿಂಗಳು. ಚೆನ್ನೈಗೆ ನೀರುಣಿಸುವ ನಾಲ್ಕು ದೊಡ್ಡ ಕೆರೆಗಳೂ ಹೆಚ್ಚುಕಡಿಮೆ ಬತ್ತಿದ್ದವು. ಶೋಳಿಂಗನಲ್ಲೂರಿನಲ್ಲಿ, ಹಳೇ ಮಹಾಬಲಿಪುರಂ ರಸ್ತೆಯಿಂದ ಒಳಗೆ, ಒಂದು ಬೀದಿಯಲ್ಲಿ ನನ್ನ ಬಾಡಿಗೆ ರೂಮು. ನೀರಿನ ಲಾರಿ ಬರುತ್ತೆ ಅನ್ನುವ ಸುದ್ದಿ ಸಿಕ್ಕರೆ ಸಾಕು, ಬೀದಿಯಂಚಿಗೆ ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ ಕೊಡಗಳ ಸಾಲು. ತಮಿಳರು ಕುಡಂ ಅಂತಾರೆ, ನಾವು ಕೊಡ ಅಂತೀವಿ. ಜನ ನೆರಳಿಗೆ ಹೋದರೂ ಕೊಡ ಜಾಗ ಕಾಯುತ್ತದೆ.

ಅದೇ ಹೊತ್ತಿಗೆ ಗಣ ಸಿದ್ಧಾಂತದ ಟೆಸ್ಟು. ಕ್ರಮಸಂಖ್ಯೆಗಳ ಸಂಕಲನ ಸಹವರ್ತನೀಯ ಎಂದು ಸಾಧಿಸಬೇಕಿತ್ತು. ಮೂರು ಮೆಟ್ಟಿಲಿನ ಸಾಧನೆ. ಎರಡು ಹತ್ತಿದೆ, ಮೂರನೆಯದಕ್ಕೆ ಇದರಂತೆಯೇ ಎಂದು ಬರೆದು ಕೈ ತೊಳೆದುಕೊಂಡೆ. ಮೇಷ್ಟ್ರು ಆ ಒಂದು ಪದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಸೊನ್ನೆ ಕೊಟ್ಟರು. ಈ ಲೆಕ್ಕ ಹುಟ್ಟಿಸಿದ ಪುಣ್ಯಾತ್ಮ ಯಾರು ಅಂತ ಸಿಟ್ಟಿನಿಂದಲೇ ಹುಡುಕಿಕೊಂಡು ಹೋದೆ. ಸಿಕ್ಕಿದವನು ಗಿಯೋರ್ಗ್ ಕ್ಯಾಂಟರ್.

ಹುಟ್ಟಿದ್ದು 1845ರ ಮಾರ್ಚ್ 3ರಂದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ವ್ಯಾಪಾರಿ, ತಾಯಿಯದು ಸಂಗೀತಗಾರರ ಮನೆತನ. 1856ರಲ್ಲಿ ಸಂಸಾರ ಜರ್ಮನಿಗೆ ಬಂತು. ಬರ್ಲಿನ್ನಿನಲ್ಲಿ ವಯರ್‌ಸ್ಟ್ರಾಸ್, ಕುಮ್ಮರ್, ಕ್ರೋನೆಕರ್ ಎಂಬ ಘಟಾನುಘಟಿಗಳ ಬಳಿ ಓದಿ 1867ರಲ್ಲಿ ಡಾಕ್ಟರೇಟ್ ಪಡೆದ. 1869ರಲ್ಲಿ ಹಾಲೆ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯ ಸೇರಿದ. ಬರ್ಲಿನ್ನಿನಲ್ಲಿ ಕೆಲಸ ಸಿಗಬೇಕೆಂಬ ಆಸೆ ಕಡೆಯವರೆಗೂ ಆಸೆಯಾಗಿಯೇ ಉಳಿಯಿತು.

ಹಾಲೆಯಲ್ಲಿ ಹಿರಿಯ ಸಹೋದ್ಯೋಗಿ ಹೈನೆ ಅವನ ಕೈಗೆ ತ್ರಿಕೋನಮಿತಿಯ ಶ್ರೇಣಿಗಳ ಬಗ್ಗೆ ಒಂದು ಪ್ರಶ್ನೆ ಕೊಟ್ಟ. ಅದನ್ನು ಬಿಡಿಸುತ್ತ ಕ್ಯಾಂಟರ್ ಒಂದು ವಿಚಿತ್ರ ಕ್ರಿಯೆಗೆ ಕೈಹಾಕಿದ. ಗೆರೆಯ ಮೇಲೆ ಒಂದಿಷ್ಟು ಬಿಂದುಗಳು. ಅವು ಯಾವ ಯಾವ ಜಾಗದ ಸುತ್ತ ಒತ್ತೊತ್ತಾಗಿ ಮುತ್ತಿಕೊಂಡಿವೆಯೋ ಆ ಜಾಗಗಳನ್ನಷ್ಟೇ ಆರಿಸಿಕೊ. ಆರಿಸಿದ್ದರಲ್ಲಿ ಮತ್ತೆ ಹಾಗೆಯೇ ಆರಿಸು. ಒಂದು ಸಲ, ಎರಡು ಸಲ, ಮುಗಿಯದಷ್ಟು ಸಲ. ಕೆಲವು ಕಡೆ ಅಷ್ಟಾದ ಮೇಲೂ ಏನೋ ಉಳಿದಿರುತ್ತದೆ! ಹಾಗಾದರೆ ಮುಂದಿನ ಸಲಕ್ಕೆ ಎಷ್ಟನೆಯ ಸಲ ಅನ್ನಬೇಕು? 1880ರ ಲೇಖನದಲ್ಲಿ ಅವನು ಅನಂತದ ಗುರುತಿಗೇ ಒಂದನ್ನು ಕೂಡಿಸಿ ಬರೆದ. 1883ರ ಹೊತ್ತಿಗೆ ಧೈರ್ಯ ಬಂದಿತ್ತು. ಇವು ಬರೀ ಗುರುತುಗಳಲ್ಲ, ಸಂಖ್ಯೆಗಳೇ ಎಂದ. ಎಣಿಕೆಯ ಸಂಖ್ಯೆಗಳೆಲ್ಲ ಆದ ಮೇಲೆ ಬರುವ ಮೊದಲನೆಯದಕ್ಕೆ ಒಮೇಗಾ ಎಂಬ ಗ್ರೀಕ್ ಅಕ್ಷರ ಇಟ್ಟ.

ಅನಂತದಲ್ಲಿ ಬಗೆಗಳಿವೆ ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ವಿಂಗಡಣೆ, ಅವುಗಳೊಳಗೆ ಒಳಬಗೆಗಳು ಬರುತ್ತವೆ. ಅದರ ತಾಳೆಗರಿಗಳು ಹಳೆಯ ಕನ್ನಡ ಲಿಪಿಯಲ್ಲಿ ಉಳಿದು ಬಂದದ್ದು ಮೂಡಬಿದಿರೆಯ ಬಸದಿಯಲ್ಲಿ. ಆದರೆ ಕೊನೆಯಿಲ್ಲದ ಸಾಲುಗಳಿಗೆ ಕೂಡುವ ಗುಣಿಸುವ ನಿಯಮ ಕಟ್ಟಿ, ಒಂದೊಂದನ್ನೂ ಸಾಧಿಸಲು ಹೊರಟವನು ಕ್ಯಾಂಟರ್.

ಆ ನಿಯಮ ನನಗೆ ತಿಳಿದದ್ದು ಕೊಡದ ಸಾಲಿನಲ್ಲಿ. ಕೊನೆಯೇ ಇಲ್ಲದ ಸಾಲೊಂದಿದೆ ಎನ್ನಿ: ಮೊದಲ ಕೊಡ, ಎರಡನೆಯದು, ಮೂರನೆಯದು, ಹೀಗೇ. ಅದು ಒಮೇಗಾ. ಯಾರೋ ಜೋರಿನವರು ಬಂದು ಎಲ್ಲರ ಮುಂದೆ ತಮ್ಮ ಕೊಡ ಇಟ್ಟರು. ಬೈಗುಳ ಬಿದ್ದಾವು, ಆದರೆ ಪ್ರತಿ ಕೊಡವೂ ಒಂದೊಂದು ಜಾಗ ಹಿಂದೆ ಸರಿದರೆ ಸಾಲಿನ ಆಕಾರ ಮೊದಲಿನದೇ. 1 + ಒಮೇಗಾ ಅಂದರೆ ಒಮೇಗಾನೇ. ಅದೇ ಕೊಡವನ್ನು ಎಲ್ಲರ ಹಿಂದೆ ಇಟ್ಟರೋ? ಈಗ ಸಾಲಿಗೊಂದು ಕೊನೆ ಬಂತು. ಆ ಕೊನೆಯ ಕೊಡದ ಮುಂದೆ ಮುಗಿಯದಷ್ಟು ಕೊಡಗಳು. ಒಮೇಗಾ + 1 ಬೇರೆಯದೇ ಸಂಖ್ಯೆ. ಪರಿವರ್ತನ ನಿಯಮ ಇಲ್ಲಿ ಮುರಿದು ಬೀಳುತ್ತದೆ.

ಗುಣಾಕಾರವೂ ಹಾಗೇ. ಎರಡೆರಡು ಕೊಡದ ಜೋಡಿಗಳನ್ನು ಕೊನೆಯಿಲ್ಲದೆ ಇಟ್ಟರೆ ಆಗುವುದು ಒಂದೇ ಒಮೇಗಾ. ಕೊನೆಯಿಲ್ಲದ ಸಾಲೊಂದರ ಹಿಂದೆ ಅಂಥದೇ ಇನ್ನೊಂದು ಇಟ್ಟರೆ ಒಮೇಗಾ + ಒಮೇಗಾ. ಇವೆರಡರಲ್ಲಿ ಯಾವುದನ್ನು ಹೇಗೆ ಬರೆಯಬೇಕು ಎಂಬುದರಲ್ಲಿ ಕ್ಯಾಂಟರನೇ ಮನಸ್ಸು ಬದಲಾಯಿಸಿದ. 1883ರಲ್ಲಿ ಎರಡನೆಯದನ್ನು 2 ಮೊದಲು, ಒಮೇಗಾ ಆಮೇಲೆ ಇಟ್ಟು ಬರೆದಿದ್ದವನು ಮುಂದಿನ ಬರಹಗಳಲ್ಲಿ ತಿರುವಿಹಾಕಿ ಒಮೇಗಾ ಮೊದಲು, 2 ಆಮೇಲೆ ಎಂದು ಮಾಡಿದ. ನಾವು ಇಂದೂ ಹಾಗೇ ಬರೆಯುತ್ತೇವೆ.

ಈಗ ನಾನು ಜಾರಿದ ಮೆಟ್ಟಿಲಿಗೆ ಬರೋಣ. (ಕ + ಖ) + ಗ ಮತ್ತು ಕ + (ಖ + ಗ) ಒಂದೇ ಎಂದು ತೋರಿಸಬೇಕು. ಗ ಸೊನ್ನೆಯಾದರೆ ಎರಡೂ ಕ + ಖ. ಗ ಎಂಬಲ್ಲಿ ನಿಜವಿದ್ದರೆ ಅದರ ಮುಂದಿನ ಸಂಖ್ಯೆಗೂ ನಿಜ, ಎರಡು ಕಡೆಗೂ ಒಂದೊಂದೇ ಕೊಡ ಸೇರುವುದು ತಾನೆ. ಆದರೆ ಒಮೇಗಾದಂಥ ಸಂಖ್ಯೆಗೆ ಹಿಂದಿನದು ಅಂತ ಒಂದಿಲ್ಲ. ಯಾವುದರಿಂದ ಹೆಜ್ಜೆ ಎತ್ತುವುದು? ಅಲ್ಲಿ ಸಂಕಲನದ ಅರ್ಥವೇ ಬೇರೆ: ಗಗಿಂತ ಚಿಕ್ಕದಾದ ಎಲ್ಲ ಸಂಖ್ಯೆ ಕೂಡಿಸಿದಾಗ ಬರುವ ಮೊತ್ತಗಳನ್ನು ಮೀರುವ ಮೊದಲ ಸಂಖ್ಯೆ. ಚಿಕ್ಕವಕ್ಕೆಲ್ಲ ನಿಯಮ ನಿಜವೆಂದು ಗೊತ್ತಿದೆ. ಇನ್ನು ಉಳಿದದ್ದು ಒಂದೇ ಮಾತು: ಖ + ಗ ಕೂಡ ಹಿಂದಿನದಿಲ್ಲದ ಸಂಖ್ಯೆ, ಅದರ ಕೆಳಗಿನ ಯಾವ ಜಾಗ ತೋರಿಸಿದರೂ ಆ ಚಿಕ್ಕ ಮೊತ್ತಗಳಲ್ಲೊಂದು ಅದನ್ನು ದಾಟಿರುತ್ತದೆ. ಇಷ್ಟನ್ನು ತೋರಿಸಿದರೆ ಎರಡು ಕಡೆಯ ಏಣಿಯೂ ಒಂದೇ ಅಟ್ಟ ಮುಟ್ಟುತ್ತವೆ. ಈ ಮಾತನ್ನೇ ನಾನು ನುಂಗಿಬಿಟ್ಟಿದ್ದೆ. ಮೂರು ಮೆಟ್ಟಿಲು ಸಾಕೇ ಅಂದರೆ ಸಾಕು. ನಿಯಮ ಎಲ್ಲೋ ತಪ್ಪುವುದಾದರೆ ತಪ್ಪುವ ಮೊದಲ ಜಾಗ ಒಂದಿರಬೇಕು. ಆ ಜಾಗ ಈ ಮೂರರಲ್ಲಿ ಒಂದಾಗಲೇಬೇಕು.

ಇಷ್ಟು ಎಚ್ಚರದ ಮನುಷ್ಯನಿಗೆ ಕಾಲ ಸುಲಭವಾಗಿರಲಿಲ್ಲ. ಗುರು ಕ್ರೋನೆಕರನಿಗೆ ಪೂರ್ಣಾಂಕಗಳಿಂದ ಕಟ್ಟಲಾಗದ್ದು ಗಣಿತವೇ ಅಲ್ಲ. ಶಿಷ್ಯನ ಕೆಲಸವನ್ನು ಅವನು ಬಹಿರಂಗವಾಗಿಯೇ ವಿರೋಧಿಸಿದ. 1884ರ ಮೇ ತಿಂಗಳಲ್ಲಿ ಕ್ಯಾಂಟರನಿಗೆ ಮನಸ್ಸಿನ ಕಾಯಿಲೆ ಮೊದಲ ಸಲ ಜೋರಾಗಿ ಬಂತು. ಚೇತರಿಸಿಕೊಂಡವನು ತಾನೇ ಕ್ರೋನೆಕರನಿಗೆ ರಾಜಿಯ ಪತ್ರ ಬರೆದ. 1885ರಲ್ಲಿ, ಗೆಳೆಯನೂ ಸಂಪಾದಕನೂ ಆಗಿದ್ದ ಮಿಟಾಗ್-ಲೆಫ್ಲರ್, ಈ ಲೇಖನ ನೂರು ವರ್ಷ ಮುಂಚೆ ಬಂದಂತಿದೆ ಎಂಬ ಧಾಟಿಯಲ್ಲಿ ಹೇಳಿ ಅದನ್ನು ಹಿಂತೆಗೆದುಕೊಳ್ಳಲು ಕೇಳಿದ. ಆ ಲೇಖನ ಅಚ್ಚಾದದ್ದು 1970ರಲ್ಲಿ.

ಆದರೂ ಅವನು ಸುಮ್ಮನೆ ಕೂರಲಿಲ್ಲ. ಜರ್ಮನ್ ಗಣಿತಜ್ಞರ ಸಂಘ ಕಟ್ಟಲು ಓಡಾಡಿದ, ಅದರ ಮೊದಲ ಅಧ್ಯಕ್ಷನಾದ. 1895ರಲ್ಲೂ 1897ರಲ್ಲೂ ತನ್ನ ಸಿದ್ಧಾಂತವನ್ನೆಲ್ಲ ಕ್ರಮವಾಗಿ ಬರೆದಿಟ್ಟ. 1899ರ ಡಿಸೆಂಬರಿನಲ್ಲಿ ಕಿರಿಯ ಮಗ ರುಡಾಲ್ಫ್ ತೀರಿಕೊಂಡ. ಆಮೇಲೆ ಆಸ್ಪತ್ರೆಯ ಓಡಾಟ ಹೆಚ್ಚಿತು. 1904ರಲ್ಲಿ ಹೈಡೆಲ್‌ಬರ್ಗಿನ ಸಮ್ಮೇಳನದಲ್ಲಿ ಕ್ಯೋನಿಗ್ ಎಂಬ ಗಣಿತಜ್ಞ, ಕ್ಯಾಂಟರನ ಮುಖ್ಯ ನಂಬಿಕೆಯೊಂದನ್ನು ಬೀಳಿಸಿದೆನೆಂದು ಅವನ ಎದುರೇ ಸಾರಿದ. ಸಾಧನೆ ನಿಲ್ಲಲಿಲ್ಲ. ಅದು ಇನ್ನೊಬ್ಬನ ಸೂತ್ರವೊಂದನ್ನು ನೆಚ್ಚಿತ್ತು. ಆ ಸೂತ್ರ ಒಂದೊಂದೇ ಹೆಜ್ಜೆ ಹತ್ತುವಲ್ಲಿ ಸರಿ, ಹಿಂದಿನದಿಲ್ಲದ ಸಂಖ್ಯೆಯ ಬಳಿ ಕುಸಿಯುತ್ತದೆ. ನಾನು ಜಾರಿದ ಮೆಟ್ಟಿಲೇ! ಅಷ್ಟು ದೊಡ್ಡವರೂ ಅಲ್ಲೇ ಜಾರಿದ್ದರು ಎಂದು ಓದಿದಾಗ ಸಮಾಧಾನಕ್ಕಿಂತ ಭಯವೇ ಆಯಿತು.

1918ರ ಜನವರಿ 6ರಂದು, ಮಹಾಯುದ್ಧದ ಹಸಿವಿನ ದಿನಗಳಲ್ಲಿ, ಹಾಲೆಯ ಮನೋರೋಗ ಚಿಕಿತ್ಸಾಲಯದಲ್ಲಿ ಅವನ ಹೃದಯ ನಿಂತಿತು.

ಅನಂತ ಅವನನ್ನು ಹುಚ್ಚು ಹಿಡಿಸಿತು ಎನ್ನುವುದು ಕೇಳಲು ಸೊಗಸು. ಅವನ ಜೀವನವನ್ನು ಆಳವಾಗಿ ಶೋಧಿಸಿದವರು ಅದನ್ನು ಒಪ್ಪುವುದಿಲ್ಲ. ಉತ್ಸಾಹವೂ ಖಿನ್ನತೆಯೂ ಸರದಿಯಲ್ಲಿ ಬರುವ ಕಾಯಿಲೆ ಅವನಿಗಿತ್ತು, ವಿರೋಧವೂ ದುಃಖವೂ ಅದಕ್ಕೆ ಸೇರಿಕೊಂಡವು ಅನ್ನುತ್ತಾರೆ. ಕಾಯಿಲೆಯ ನಡುವೆಯೂ ಅವನ ಸಾಧನೆಗಳಲ್ಲಿ ಮೆಟ್ಟಿಲು ತಪ್ಪದಂತೆ ನೋಡಿಕೊಳ್ಳುವ ಜಾಗ್ರತೆ ಇದೆ. ಅವನ ಬಾಳಿಗೆ ಅನಂತದ ಹುಚ್ಚು ಎಂದು ಹಣೆಪಟ್ಟಿ ಹಚ್ಚುವುದೂ, ನಾನು ಇದರಂತೆಯೇ ಎಂದು ಬರೆದು ಮುಗಿಸಿದ್ದೂ ಒಂದೇ ಜಾತಿಯ ಸೋಮಾರಿತನ.

ಆ ಉತ್ತರವನ್ನು ಆಮೇಲೆ ರೂಮಿನಲ್ಲಿ ಕೂತು ಮತ್ತೆ ಬರೆದೆ. ಅಂಕ ಬರಲಿಲ್ಲ ಅನ್ನಿ. ಆದರೆ ಮೂರನೆಯ ಮೆಟ್ಟಿಲಿಗೆ ಮುಕ್ಕಾಲು ಪುಟ ಹಿಡಿಯಿತು.