ಶ್ರೀ ಮಧ್ಯಗೇಹ ಭಟ್ಟರು: ಪುತ್ರಶೋಕವನ್ನು ದಾಟಿದ ಬಾಳು

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ದಿವ್ಯಚರಿತ್ರೆಯನ್ನು ಪಾರಾಯಣ ಮಾಡುವ ಮನೆಗಳಲ್ಲಿ ಅವರ ತೀರ್ಥರೂಪರಾದ ಮಧ್ಯಗೇಹ ಭಟ್ಟರ ಹೆಸರನ್ನು ಅರಿಯದವರಿಲ್ಲ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ಕೇಳುವವರ ಮನಸ್ಸು ಬಾಲಕ ವಾಸುದೇವನ ಲೀಲೆಗಳ ಕಡೆಗೆ ಹರಿದುಬಿಡುತ್ತದೆ. ಆ ಲೀಲೆಗಳು ನಡೆಯುವ ಮೊದಲು ಅದೇ ಮನೆ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿತ್ತೆಂಬುದು ಮರೆತುಹೋಗುತ್ತದೆ. ಜಗದ್ಗುರುಗಳ ತಂದೆಯೆಂದು ಲೋಕ ಪೂಜಿಸುವ ಮಹಾನುಭಾವರು ಅದಕ್ಕೂ ಮುನ್ನ ಬಹುಕಾಲ ಪುತ್ರಶೋಕದಲ್ಲಿ ಬೆಂದ ಗೃಹಸ್ಥರಾಗಿದ್ದರು. ಅವರು ಆ ಶೋಕವನ್ನು ದಾಟಿದ ಬಗೆ ಇಂದಿಗೂ ಮನನಯೋಗ್ಯವಾದುದು.

ಭಟ್ಟರ ಬಾಳಿನ ವಿವರಗಳಿಗೆ ಮುಖ್ಯ ಆಧಾರ ಶ್ರೀ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯ. ಆಚಾರ್ಯರ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರ ಪುತ್ರರು ರಚಿಸಿದ 16 ಸರ್ಗಗಳ ಈ ಮಹಾಕಾವ್ಯದ ಎರಡನೆಯ ಸರ್ಗದಿಂದ ನಾಲ್ಕನೆಯ ಸರ್ಗದವರೆಗೆ ಭಟ್ಟರ ಸಂಸಾರದ ಚಿತ್ರ ಮೂಡಿಬರುತ್ತದೆ.

ಉಡುಪಿಗೆ ಅನತಿದೂರದಲ್ಲಿ, ಕುಂಜಾರುಗಿರಿಯ ತಪ್ಪಲಿನಲ್ಲಿರುವ ಪಾಜಕ ಕ್ಷೇತ್ರವೇ ಅವರ ವಾಸಸ್ಥಾನ. ತುಳುನಾಡಿನಲ್ಲಿ ನಡಿಲ್ಲಾಯ ಎಂದು ಕರೆಯಲ್ಪಡುವ ಮನೆತನದ ಹೆಸರೇ ಸಂಸ್ಕೃತದಲ್ಲಿ ಮಧ್ಯಗೇಹವಾಯಿತು. ಮಹಾಭಾರತ ಮತ್ತು ಪುರಾಣಗಳ ಪ್ರವಚನದಲ್ಲಿ ಅವರು ಪ್ರಸಿದ್ಧರಾಗಿದ್ದರು. ಭಟ್ಟ ಎಂಬ ಬಿರುದು ಆ ಪಾಂಡಿತ್ಯಕ್ಕೆ ಸಂದುದು. ಅವರ ಧರ್ಮಪತ್ನಿಯನ್ನು ಸಂಪ್ರದಾಯವು ವೇದವತಿ ಎಂದು ಸ್ಮರಿಸುತ್ತದೆ. ಸಿರಿವಂತಿಕೆ ಇರಲಿಲ್ಲ, ಆದರೆ ವಿದ್ಯೆ, ಆಚಾರ, ಹರಿಭಕ್ತಿಗಳಿಗೆ ಕೊರತೆ ಇರಲಿಲ್ಲ.

ಇಂತಹ ಮನೆಗೆ ದುಃಖ ಬಂದೆರಗಿತು. ಹುಟ್ಟಿದ ಇಬ್ಬರು ಪುತ್ರರೂ ತೀರಿಕೊಂಡರು, ಮಗಳೊಬ್ಬಳು ಉಳಿದಳು. ಊರಿಗೆಲ್ಲ ಪುರಾಣ ಹೇಳುವವರ ಮನೆಯಲ್ಲಿ ಹೀಗಾದಾಗ ನೋವು ಇಮ್ಮಡಿಯಾಗುವುದು ಸಹಜ. ಅಭಿಮನ್ಯುವನ್ನು ಕಳೆದುಕೊಂಡ ಅರ್ಜುನನ ಕಥೆಯನ್ನಾಗಲಿ, ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿಯ ಕಥೆಯನ್ನಾಗಲಿ ಸಭೆಯಲ್ಲಿ ವಿವರಿಸುವುದು ಬೇರೆ. ಅದೇ ದುಃಖ ತನ್ನ ಮನೆಯ ಹೊಸ್ತಿಲು ದಾಟಿ ಒಳಬಂದಾಗ ಸಹಿಸುವುದು ಬೇರೆ. ಶಾಸ್ತ್ರ ಬಲ್ಲವರಿಗೆ ಕಣ್ಣೀರು ಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆಗ ಭಟ್ಟರು ತಮ್ಮ ಪ್ರವಚನದ ಪುರಾಣಪುರುಷರನ್ನೇ ನೆನೆದರು. ಕರ್ದಮರು, ಪರಾಶರರು, ಪಾಂಡುರಾಜ ಮೊದಲಾದ ಹಿಂದಿನವರು ಶ್ರೀಹರಿಯ ಸೇವೆಯಿಂದಲೇ ಗುಣವಂತರಾದ ಮಕ್ಕಳನ್ನು ಪಡೆದರೆಂಬುದು ಅವರಿಗೆ ಆಧಾರವಾಯಿತು. ಉಡುಪಿಯ ರಜತಪೀಠಪುರದ ಅನಂತೇಶ್ವರನನ್ನು ಶರಣುಹೊಕ್ಕು, ಪಯೋವ್ರತವೇ ಮೊದಲಾದ ಕಠಿಣ ನಿಯಮಗಳೊಡನೆ ದಂಪತಿಗಳು ಸೇವೆಗೆ ತೊಡಗಿದರು. ಆ ಸೇವೆ ನಡೆದುದು ಒಂದು ಮಂಡಲವಲ್ಲ, ಒಂದು ಸಂವತ್ಸರವಲ್ಲ. ಪೂರ್ಣ 12 ವರ್ಷ.

ಈ 12 ವರ್ಷಗಳನ್ನು ಪುತ್ರಾಪೇಕ್ಷೆಯ ವ್ರತವೆಂದಷ್ಟೇ ಓದಿ ಮುಂದೆ ಸಾಗುವುದು ವಾಡಿಕೆ. ಆದರೆ ದುಃಖಿತರಾದ ಸತಿಪತಿಗಳಿಗೆ ಆ ಕಾಲ ನೀಡಿದುದನ್ನು ನಿಧಾನವಾಗಿ ಯೋಚಿಸಬೇಕು. ಪ್ರತಿದಿನದ ಬೆಳಗಿಗೆ ಒಂದು ಕರ್ತವ್ಯವಿತ್ತು. ದೇಹಕ್ಕೊಂದು ನಿಯಮವಿತ್ತು. ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಕುಳಿತು ಕೊರಗುವ ಬದಲು ಇಬ್ಬರೂ ಒಂದೇ ದೇವರ ಮುಂದೆ ಒಂದೇ ಪ್ರಾರ್ಥನೆಯೊಡನೆ ನಿಲ್ಲುವ ಅವಕಾಶವಿತ್ತು. ಮಕ್ಕಳನ್ನು ಮರೆಯಬೇಕೆಂದು ಯಾರೂ ಅವರಿಗೆ ವಿಧಿಸಲಿಲ್ಲ. ಮಕ್ಕಳ ನೆನಪೇ ಅವರನ್ನು ದೇವರ ಸನ್ನಿಧಿಗೆ ಕರೆದೊಯ್ಯುತ್ತಿತ್ತು. ಬಿಟ್ಟ ಗಾಯಕ್ಕೆ ಹೊಸ ಚರ್ಮ ಬರುವಂತೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಶೋಕವು ಭಕ್ತಿಯಾಗಿ ಮಾಗಿತು.

ಮುಂದಿನ ಪ್ರಸಂಗ ಸರ್ವವಿದಿತ. ಉತ್ಸವದ ಜನಸಂದಣಿಯ ನಡುವೆ ಭಗವದಾವೇಶಗೊಂಡ ಒಬ್ಬ ಪುರುಷನು ಎತ್ತರದ ಧ್ವಜಸ್ತಂಭದ ತುದಿಯೇರಿ, ಸರ್ವಜ್ಞನೊಬ್ಬನು ಸದ್ಯದಲ್ಲೇ ಅವತರಿಸುವನೆಂದು ಸಾರಿದನು. ಕ್ರಿ.ಶ. 1238ರಲ್ಲಿ (1199 ಎಂಬ ಗಣನೆಯೂ ಉಂಟು) ಭಟ್ಟರ ಮನೆಯಲ್ಲಿ ವಾಸುದೇವನು ಜನಿಸಿದನು. ತಂದೆ ಕೂಸನ್ನು ಅನಂತೇಶ್ವರನ ಸನ್ನಿಧಿಗೆ ಕರೆತಂದು ಸ್ವಾಮಿಯ ಪಾದಗಳಲ್ಲಿ ಒಪ್ಪಿಸಿದರು. ಅಂದು ರಾತ್ರಿ ಕಾಡಿನ ಹಾದಿಯಲ್ಲಿ ಮರಳುವಾಗ ಜತೆಯವನೊಬ್ಬನನ್ನು ಭೂತವು ಪೀಡಿಸಿತು; ಈ ಶಿಶು ಜತೆಗಿರುವುದರಿಂದಲೇ ಉಳಿದವರು ಪಾರಾದರೆಂದು ಆ ಭೂತವೇ ಅವನ ಬಾಯಿಂದ ತಿಳಿಸಿತು.

ಮಗು ಬಂದುದರಿಂದ ಹಳೆಯ ಗಾಯ ಸಂಪೂರ್ಣವಾಗಿ ಮಾಯಿತೇ? ಚರಿತ್ರೆಯನ್ನು ಗಮನವಿಟ್ಟು ಓದಿದರೆ ಹಾಗೆನಿಸುವುದಿಲ್ಲ. ಒಮ್ಮೆ ಬಾಲಕನು ಎತ್ತಿನ ಬಾಲ ಹಿಡಿದು ಕಾಡಿಗೆ ಹೋಗಿ ಸಂಜೆಯವರೆಗೆ ಬಾರದಿದ್ದಾಗ ಮನೆಯವರು ಕಳವಳಗೊಂಡರು. ಮತ್ತೊಮ್ಮೆ ಬಂಧುಗಳ ಸಮಾರಂಭದ ಗದ್ದಲದಲ್ಲಿ ಯಾರಿಗೂ ತಿಳಿಸದೆ ಹೊರಟು, ದಾರಿಯ ದೇವಾಲಯಗಳಿಗೆ ನಮಿಸುತ್ತ ಉಡುಪಿಯನ್ನು ಸೇರಿದನು. ಎದುರಾದವರನ್ನೆಲ್ಲ ಕೇಳುತ್ತ ಧಾವಿಸಿದ ಭಟ್ಟರು ಅನಂತೇಶ್ವರನ ಸನ್ನಿಧಿಯಲ್ಲಿ ಮಗನನ್ನು ಕಂಡು ಕಣ್ತುಂಬಿಕೊಂಡರು. ಇಬ್ಬರನ್ನು ಕಳೆದುಕೊಂಡ ತಂದೆ ಮೂರನೆಯವನನ್ನು ಹುಡುಕುತ್ತ ನಡೆದ ಆ ಹಾದಿ ಎಷ್ಟು ದೀರ್ಘವಾಗಿ ತೋರಿರಬೇಕು! ಜತೆಗೆ ಬಂದವರಾರೆಂದು ಕೇಳಿದಾಗ ನಾರಾಯಣನೇ ತನ್ನ ಜತೆಗಿದ್ದನೆಂದು ಬಾಲಕನು ಉತ್ತರಿಸಿದನು. ತಂದೆಗೆ ಮುಂದೆ ಕಲಿಯಬೇಕಾಗಿದ್ದ ಪಾಠದ ಮೊದಲ ಅಕ್ಷರ ಅದೇ ಆಗಿತ್ತು.

ನಿಜವಾದ ಪರೀಕ್ಷೆ ಬಂದುದು ವಾಸುದೇವನು ಅಚ್ಯುತಪ್ರೇಕ್ಷರಲ್ಲಿ ಸಂನ್ಯಾಸ ಬಯಸಿದಾಗ. ಭಟ್ಟರ ಎದೆ ಒಡೆಯಿತು. ಮುಪ್ಪಿನಲ್ಲಿ ತಮಗೆ ಬೇರೆ ದಿಕ್ಕಿಲ್ಲವೆಂದು ಅಂಗಲಾಚಿದರು. ಮಗನಿಗೆ ಕೈಮುಗಿದು ನಮಿಸಿದರು. ಹಿರಿಯರು ಕಿರಿಯರಿಗೆ ನಮಿಸುವುದು ಲೋಕದಲ್ಲಿ ಇಲ್ಲವಾದ್ದರಿಂದ ಇದು ದೈವವೇ ನೀಡಿದ ಅನುಮತಿಯೆಂದು ಮಗನು ಗ್ರಹಿಸಿದನು. ಗುರುಗಳೊಡನೆ ಹೊರಟ ಮಗನನ್ನು ತಂದೆ ನೇತ್ರಾವತಿಯನ್ನು ದಾಟಿ ಹಿಂಬಾಲಿಸಿದರು. ಅವನು ಕೌಪೀನ ಧರಿಸಿದರೆ ತಾವು ದುಡುಕಿನ ಸಾಹಸಕ್ಕೆ ಇಳಿಯುವುದಾಗಿ ಬೆದರಿಸಿದರು. ಮಗನು ತನ್ನ ವಸ್ತ್ರವನ್ನು ಹರಿದು ಒಡನೆಯೇ ಕೌಪೀನವಾಗಿ ಧರಿಸಿದನು. ಹಿಂದೆ ಗತಿಸಿದ ಮಕ್ಕಳ ನೋವು ಆಗ ಮತ್ತೆ ತಲೆಯೆತ್ತಿತು. ಮಹಾಪುರುಷರ ಜೀವನದಲ್ಲಿಯೂ ಶೋಕವು ಒಮ್ಮೆ ಇಳಿದು ಮತ್ತೊಮ್ಮೆ ಉಕ್ಕುತ್ತದೆಂಬುದನ್ನು ಪಂಡಿತಾಚಾರ್ಯರು ಮರೆಮಾಚದೆ ಚಿತ್ರಿಸಿದ್ದಾರೆ.

ಮಗನಾದರೋ ಆ ನೋವನ್ನು ಕಡೆಗಣಿಸಲಿಲ್ಲ. ತಂದೆತಾಯಿಗಳನ್ನು ಪಾಲಿಸುವ ಮತ್ತೊಬ್ಬ ಮಗ ಹುಟ್ಟುವವರೆಗೆ ಆಶ್ರಮ ಸ್ವೀಕರಿಸೆನೆಂದು ಮಾತುಕೊಟ್ಟನು. ಅದರಂತೆ ತಮ್ಮನೊಬ್ಬನು ಜನಿಸಿದನು. ತಾಯಿಯ ಒಪ್ಪಿಗೆ ಉಳಿದಿತ್ತು. ಒಪ್ಪದಿದ್ದರೆ ದೇಶಾಂತರ ಹೋಗುವೆನು, ಮತ್ತೆ ದರ್ಶನವೇ ಆಗದು ಎಂದು ಮಗನು ತಿಳಿಸಲು, ಕಾಣುವ ದೂರದಲ್ಲಾದರೂ ಇರಲಿ ಎಂದು ಆ ತಾಯಿ ಮನಸ್ಸನ್ನು ಕಲ್ಲುಮಾಡಿಕೊಂಡು ಒಪ್ಪಿದಳು. 12 ವರ್ಷ ಸೇವಿಸಿ ಪಡೆದ ಮಗನು ಅದೇ ಅನಂತೇಶ್ವರನ ಸನ್ನಿಧಿಯಲ್ಲಿ ಪೂರ್ಣಪ್ರಜ್ಞನಾದನು. ಕೊಟ್ಟವನೇ ಮರಳಿ ಸ್ವೀಕರಿಸಿದನು.

ಇಲ್ಲಿಯೇ ಭಟ್ಟರ ಬಾಳಿನ ಸಾರವಿದೆ. ಅವರ ಶೋಕಕ್ಕೆ ಮಗನೊಬ್ಬನೇ ಔಷಧವಾಗಿದ್ದರೆ ಅವನು ಮನೆಬಿಟ್ಟ ದಿನ ಅವರು ಮತ್ತೆ ಕುಸಿಯಬೇಕಾಗಿತ್ತು. ಮೊದಲ ಇಬ್ಬರನ್ನು ಮೃತ್ಯು ಕೇಳದೆ ಒಯ್ದಿತ್ತು. ಮೂರನೆಯವನನ್ನು ಅವರು ತಾವಾಗಿ ಕೈಯೆತ್ತಿ ಒಪ್ಪಿಸಿದರು. ಸೇವೆಯ ವರ್ಷಗಳಲ್ಲಿ ಪಕ್ವಗೊಂಡ ಮನಸ್ಸಿಗಲ್ಲದೆ ಇದು ಸಾಧ್ಯವಾಗದು. ಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಅಸ್ವತಂತ್ರ ಎಂದು ಮುಂದೆ ತತ್ತ್ವಸಂಖ್ಯಾನದಲ್ಲಿ ಆಚಾರ್ಯರು ಸಾರಿದ ತತ್ತ್ವವನ್ನು ಅವರ ತಂದೆ ಕಣ್ಣೀರಿನೊಡನೆ ಬದುಕಿ ತಿಳಿದಿದ್ದರು. ಕಿರಿಯ ಮಗನು ತಂದೆತಾಯಿಗಳ ಕಾಲಾನಂತರವೇ ಸಂನ್ಯಾಸ ಪಡೆದು ಶ್ರೀ ವಿಷ್ಣುತೀರ್ಥರೆಂದು ಪ್ರಸಿದ್ಧರಾದರು. ಸೋದೆ ಮತ್ತು ಸುಬ್ರಹ್ಮಣ್ಯ ಮಠಗಳ ಪರಂಪರೆ ಅವರಿಂದ ಬೆಳೆಯಿತು. ಮುಪ್ಪಿನ ಆಸರೆಯ ಬಗೆಗಿನ ಮಾತೂ ಹೀಗೆ ನಡೆದುಬಂತು.

ಊರಿನಿಂದ ಬಹುದೂರ, ದಿಲ್ಲಿಯ ರೋಹಿಣಿಯಂತಹ ಬಡಾವಣೆಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಈ ಚರಿತ್ರೆ ವಿಶೇಷವಾಗಿ ಹತ್ತಿರದ್ದು. ಹೆತ್ತವರ ಕೊನೆಯ ಗಳಿಗೆಗೆ ಊರು ತಲುಪಲಾಗದ ವ್ಯಥೆ ಇಲ್ಲಿ ಹಲವರದು. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಕೊರೊನಾದ ಎರಡನೆಯ ಅಲೆ ದಿಲ್ಲಿಯನ್ನು ಅಪ್ಪಳಿಸಿದಾಗ ಎಷ್ಟೋ ಮಂದಿಗೆ ತಮ್ಮವರ ಮುಖವನ್ನು ಕೊನೆಯ ಬಾರಿ ನೋಡುವ ಭಾಗ್ಯವೂ ಸಿಗಲಿಲ್ಲ. ಅಂತಹ ಶೋಕ ಬೇಗನೆ ಆರುವುದಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ, ಆರು ತಿಂಗಳು ಮೀರಿಯೂ ನಿತ್ಯಜೀವನವನ್ನು ಕುಂಠಿತಗೊಳಿಸುವ ತೀವ್ರ ಶೋಕಕ್ಕೆ ಪ್ರತ್ಯೇಕ ಸ್ಥಾನವನ್ನೇ ನೀಡಲಾಗಿದೆ. ಅಂಥವರು ವೈದ್ಯರ ನೆರವು ಪಡೆಯುವುದು ಭಕ್ತಿಯ ಕೊರತೆಯಲ್ಲ. ಬಂಧುಗಳಾದವರು ಇನ್ನೂ ಅಳುವುದೇಕೆ ಎಂದು ಕೇಳದೆ, ಜತೆಗೆ ಕುಳಿತು ದೀಪ ಹಚ್ಚುವುದು, ದೇವಸ್ಥಾನಕ್ಕೆ ಜತೆಯಲ್ಲಿ ನಡೆಯುವುದು ದೊಡ್ಡ ಉಪಕಾರ. ಮಾಸಿಕಗಳಿಂದ ವರ್ಷಾಬ್ದಿಕದವರೆಗೆ ಹಿರಿಯರು ಹಾಕಿಕೊಟ್ಟ ಕ್ರಮವೂ ಶೋಕಕ್ಕೆ ಕಾಲಾವಕಾಶವನ್ನೂ ಕರ್ತವ್ಯವನ್ನೂ ಒದಗಿಸುತ್ತದೆ.

ಉಡುಪಿ ಯಾತ್ರೆ ಕೈಗೊಳ್ಳುವವರು ಪಾಜಕದಲ್ಲಿ ಆಚಾರ್ಯರು ಅಕ್ಷರ ಕಲಿತ ಸ್ಥಳವನ್ನೂ, ಅವರು ನೆಟ್ಟ ದಂಡವೇ ಚಿಗುರಿತೆನ್ನುವ ಆಲದ ಮರವನ್ನೂ ದರ್ಶಿಸುತ್ತಾರೆ. ಆ ಅಂಗಳದಲ್ಲಿ ಒಂದು ಕ್ಷಣ ನಿಂತು, ಅಲ್ಲಿ ಮಕ್ಕಳಿಗಾಗಿ ಅತ್ತ ತಂದೆತಾಯಿಗಳನ್ನೂ ಸ್ಮರಿಸಬೇಕು. ಅವರು ಕಳೆದುಕೊಂಡವರನ್ನು ಮರೆಯಲಿಲ್ಲ. ಆ ಪ್ರೀತಿಯನ್ನು ಹರಿಗೆ ಒಪ್ಪಿಸಿದರು. ಆ ಒಪ್ಪಿಸುವಿಕೆಯಿಂದ ಲೋಕಕ್ಕೆ ಒಬ್ಬ ಜಗದ್ಗುರು ದೊರೆತರು.

ಶ್ರೀಕೃಷ್ಣಾರ್ಪಣಮಸ್ತು